ಸ್ಟ್ಯಾಕ್ ಬಿಚ್ಚುವ ಲೈಬ್ರರಿ ಸುಳ್ಳು ಹೇಳಿದಾಗ: ರಿಪೇರಿಯೋ, ಬದಲಾವಣೆಯೋ, ಬೇರೆ ದಾರಿಯೋ?

ಕಳೆದ ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಭಾಗಮಂಡಲದ ಕಡೆಯ ಒಂದು ಕಾಫಿ ತೋಟಕ್ಕೆ ಬ್ಯಾಟರಿ ಹೊತ್ತುಕೊಂಡು ಹೋಗಿದ್ದೆ. ಆ ತೋಟದಲ್ಲಿ ನಮ್ಮ ಸಣ್ಣ ತಂಡ ಇಟ್ಟಿರುವ ಒಂದು ಪೆಟ್ಟಿಗೆ ಇದೆ. ಮಳೆ, ಮಣ್ಣಿನ ತೇವ, ಗಾಳಿಯ ಉಷ್ಣತೆಗಳನ್ನು ಅಳೆದು ಗಂಟೆಗೊಮ್ಮೆ ಕಳಿಸುವುದು ಅದರ ಕೆಲಸ. ಒಳಗಿರುವುದು ಎಆರ್‌ಎಂ 64 ಪ್ರೊಸೆಸರಿನ ಪುಟ್ಟ ಬೋರ್ಡು, ಅದರ ಮೇಲೆ ಲಿನಕ್ಸ್. ಪ್ರೋಗ್ರಾಂ ಗಂಟೆಗೊಮ್ಮೆ ಕುಸಿದು ಮತ್ತೆ ಶುರುವಾಗುತ್ತಿತ್ತು. ಪ್ರತಿ ಸಲ ಬಂದ ಕ್ರ್ಯಾಶ್ ವರದಿಯಲ್ಲೂ ಒಂದೇ ಹೆಸರು: ಬ್ಯಾಟರಿಯ ವೋಲ್ಟೇಜ್ ಅಳೆಯುವ ಫಂಕ್ಷನ್. ಹೊರಡುವ ಮುನ್ನ ತೋಟದ ರೈಟರ್ (ಲೆಕ್ಕ ಬರೆಯುವವರು) ಫೋನಿನಲ್ಲಿ ಹೇಳಿದ್ದರು: "ಸಾರ್, ಪೆಟ್ಟಿಗೆಯ ದೀಪ ಉರಿಯುತ್ತಿದೆ, ಬ್ಯಾಟರಿ ಚೆನ್ನಾಗಿಯೇ ಇರುವಂತೆ ಕಾಣುತ್ತದೆ. ಈ ಮಳೆಯಲ್ಲಿ ನೀವು ಬರಲೇಬೇಕೆ?" ನಾನು ವರದಿಯನ್ನು ನಂಬಿದೆ. ಬ್ಯಾಟರಿ ಬದಲಿಸಿ, ಮಡಿಕೇರಿಗೆ ಮರಳಿ, ಒದ್ದೆ ಬಟ್ಟೆ ಬಿಚ್ಚುವಷ್ಟರಲ್ಲಿ ಅದೇ ಹೆಸರಿನ ಇನ್ನೂ ಮೂರು ವರದಿಗಳು ಬಂದು ಕೂತಿದ್ದವು.

ಬ್ಯಾಟರಿಗೂ ಆ ಕುಸಿತಕ್ಕೂ ಸಂಬಂಧವೇ ಇರಲಿಲ್ಲ. ಕುಸಿಯುತ್ತಿದ್ದದ್ದು ಸೆಟ್ಟಿಂಗ್ ಕಡತವನ್ನು ಓದುವ ಫಂಕ್ಷನ್. ಆ ಪೆಟ್ಟಿಗೆಗೆ ಕಳಿಸಿದ್ದ ಹೊಸ ಸೆಟ್ಟಿಂಗ್‌ನಲ್ಲಿ ಕಡತ ತನ್ನನ್ನೇ ಒಳಗೆ ಸೇರಿಸಿಕೊಳ್ಳುವಂಥ ಒಂದು ಸಾಲು ಸೇರಿಹೋಗಿತ್ತು. ಫಂಕ್ಷನ್ ಕಡತವನ್ನು ಪೂರ್ತಿ ಓದಿ ಮುಚ್ಚಿ, ಸಾಲುಗಳನ್ನು ಬಿಡಿಸುತ್ತಾ ಆ ಸಾಲಿಗೆ ಬಂದಾಗ ಮತ್ತೆ ತನ್ನನ್ನೇ ಕರೆಯುತ್ತಿತ್ತು. ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬುದನ್ನು ಮೆಮೊರಿಯಲ್ಲಿ ಒಂದರ ಮೇಲೊಂದು ಪೇರಿಸಿಡುವ ಜಾಗವೇ ಸ್ಟ್ಯಾಕ್. ಅದು ತುಂಬಿ ತುಳುಕುವ ತನಕ ಅದೇ ಆಟ. ಆ ಸಾಲನ್ನು ಅಳಿಸುವುದು ಒಂದು ನಿಮಿಷದ ಕೆಲಸ. ಆದರೆ ಸ್ಟ್ಯಾಕ್ ಬಿಚ್ಚುವ ಲೈಬ್ರರಿ, ಅಂದರೆ ಕುಸಿದಾಗ ಸ್ಟ್ಯಾಕನ್ನು ಹಿಂದಕ್ಕೆ ಓದಿ ಯಾರು ಯಾರನ್ನು ಕರೆದರು ಎಂಬ ಪಟ್ಟಿಯನ್ನು (ಟ್ರೇಸ್) ಕೊಡುವ ಕೋಡು, ನಮಗೆ ಪಕ್ಕದ ಮನೆಯ ಬಾಗಿಲು ತೋರಿಸಿತ್ತು.

ಡಿಬಗ್ ಮಾಹಿತಿಯನ್ನು ಓದಿ ಸ್ಟ್ಯಾಕ್ ಬಿಚ್ಚುವ ಲೈಬ್ರರಿ ಹೀಗೆ ತಪ್ಪು ಟ್ರೇಸ್ ಕೊಟ್ಟಾಗ ಎದುರಿಗೆ ನಾಲ್ಕು ದಾರಿಗಳಿರುತ್ತವೆ. ಲೈಬ್ರರಿಯನ್ನು ರಿಪೇರಿ ಮಾಡಬಹುದು. ಬೇರೆ ಲೈಬ್ರರಿಗೆ ಹೋಗಬಹುದು. ಡಿಬಗ್ ಮಾಹಿತಿಯ ಗೊಡವೆ ಬಿಟ್ಟು ಸ್ಟ್ಯಾಕಿನಲ್ಲೇ ಇರುವ ಫ್ರೇಮ್ ಪಾಯಿಂಟರ್ ಎಂಬ ಕೊಂಡಿಗಳ ಸರಪಳಿಯನ್ನು ಹಿಡಿಯಬಹುದು. ಬಿಚ್ಚುವ ಕೆಲಸವನ್ನೇ ಸಾಧನದಿಂದ ಎತ್ತಿ ಕಚೇರಿಯ ಕಂಪ್ಯೂಟರಿಗೆ ಸಾಗಿಸಬಹುದು. ನಾಲ್ಕನ್ನೂ ನಾನು ಬೇರೆ ಬೇರೆ ಹೊತ್ತಿನಲ್ಲಿ ಮಾಡಿದ್ದೇನೆ. ತಪ್ಪು ಯಾವ ಹಂತದ್ದು ಎಂದು ತಿಳಿಯುವ ಮೊದಲು ಯಾವ ದಾರಿಯನ್ನೂ ಹಿಡಿಯಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಇಲ್ಲವಾದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಲೈಬ್ರರಿ ಬದಲಿಸಲು ಎರಡು ವಾರ ಕಳೆದು, ತಪ್ಪು ಮಾತ್ರ ಇದ್ದಲ್ಲೇ ಉಳಿದದ್ದನ್ನು ನಾನು ಕಂಡಿದ್ದೇನೆ.

ತಪ್ಪು ಎಲ್ಲಿದೆ?

ಒಂದು ಟ್ರೇಸ್ ತಯಾರಾಗುವಾಗ ಮೂರು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಈಗಿನ ಫಂಕ್ಷನ್ ಮುಗಿದರೆ ಎಲ್ಲಿಗೆ ಮರಳಬೇಕಿತ್ತು ಎಂದು ಕಂಡುಕೊಂಡು ಒಂದು ಮೆಟ್ಟಿಲು ಹಿಂದೆ ಹೋಗುವುದು ಮೊದಲನೆಯದು. ಸಿಕ್ಕಿದ ವಿಳಾಸ ಯಾವ ಕಡತದ್ದು, ಆ ಕಡತದಲ್ಲಿ ಎಷ್ಟನೆಯ ಬೈಟ್ ಎಂದು ಲೆಕ್ಕ ಹಾಕುವುದು ಎರಡನೆಯದು. ಆ ಜಾಗಕ್ಕೆ ಫಂಕ್ಷನ್ ಹೆಸರು, ಮೂಲ ಕಡತ, ಸಾಲು ಸಂಖ್ಯೆ ಹಚ್ಚುವುದು ಮೂರನೆಯದು. ಮೂರಕ್ಕೂ ಮಾಹಿತಿಯ ಮೂಲ ಬೇರೆ, ತಪ್ಪಿನ ರೂಪವೂ ಬೇರೆ.

ಮೊದಲ ಕೆಲಸಕ್ಕೆ ಬೇಕಾದ ಲೆಕ್ಕವನ್ನು ಕಂಪೈಲರ್ ಡ್ವಾರ್ಫ್ ಎಂಬ ಡಿಬಗ್ ಮಾಹಿತಿಯ ರೂಪದಲ್ಲಿ ಬರೆದಿಡುತ್ತದೆ. ಪ್ರತಿ ಕರೆಗೂ ಸ್ಟ್ಯಾಕಿನಲ್ಲಿ ಸಿಗುವ ಜಾಗವೇ ಫ್ರೇಮ್, ಪ್ರೊಸೆಸರಿನೊಳಗಿನ ಪುಟ್ಟ ಸಂಗ್ರಹಗಳೇ ರಿಜಿಸ್ಟರುಗಳು. 'ಈ ಸೂಚನೆಯ ಮೇಲೆ ನಿಂತಿದ್ದರೆ ಫ್ರೇಮಿನ ಆಧಾರ ವಿಳಾಸ ಇದು, ಮರಳುವ ವಿಳಾಸ ಇಲ್ಲಿದೆ, ಹಳೆಯ ರಿಜಿಸ್ಟರುಗಳನ್ನು ಇಲ್ಲಿಟ್ಟಿದೆ' ಎಂದು ಸೂಚನೆಗೊಂದರಂತೆ ಹೇಳಬಲ್ಲ ಲೆಕ್ಕ ಅದು. ಅದನ್ನು ಹಿಡಿದಿಡುವ ವಿಭಾಗಗಳು ಎರಡು. ಡಿಬಗ್ ಫ್ರೇಮ್ ಎಂಬುದು ಡಿಬಗ್ಗರುಗಳಿಗೆಂದೇ ಇರುವುದು, ಸ್ಟ್ರಿಪ್ ಮಾಡಿದರೆ (ಓಡಲು ಬೇಡದ ಮಾಹಿತಿಯನ್ನು ಕಡತದಿಂದ ಕಿತ್ತರೆ) ಹೊರಟುಹೋಗುತ್ತದೆ. ಇಎಚ್ ಫ್ರೇಮ್ ಎಂಬುದು ಸಿ++ ಎಕ್ಸೆಪ್ಷನ್‌ಗಳಿಗಾಗಿ ಪ್ರೋಗ್ರಾಂ ಜೊತೆಗೇ ಮೆಮೊರಿಗೆ ಬರುತ್ತದೆ, ಸ್ಟ್ರಿಪ್ ಮಾಡಿದರೂ ಉಳಿಯುತ್ತದೆ. ನೋಡಲು ಅವಳಿಗಳಂತಿರುವ ಇವು ಒಳಗೆ ಬೇರೆ ಬೇರೆ. ಆ ವ್ಯತ್ಯಾಸಗಳಿಗೆ ಮುಂದೆ ಬರುತ್ತೇನೆ.

ಹಂತ ಹುಡುಕಲು ನನ್ನ ಕ್ರಮ ಹೀಗೆ. ಕುಸಿದ ಪ್ರೋಗ್ರಾಂನ ಕೋರ್ ಕಡತವನ್ನು, ಅಂದರೆ ಕುಸಿದ ಕ್ಷಣದ ಮೆಮೊರಿಯ ನಕಲನ್ನು, ಜಿಡಿಬಿ ಡಿಬಗ್ಗರಿನಲ್ಲಿ ತೆರೆದು ಅದರ ಟ್ರೇಸನ್ನು ನಮ್ಮ ಟ್ರೇಸಿನ ಪಕ್ಕದಲ್ಲಿಡುತ್ತೇನೆ. ಹೆಸರುಗಳನ್ನು ನೋಡುವುದಿಲ್ಲ, ವಿಳಾಸಗಳನ್ನು ಮಾತ್ರ ನೋಡುತ್ತೇನೆ. ವಿಳಾಸಗಳೆಲ್ಲ ಒಂದೇ ಆಗಿದ್ದು ಹೆಸರು ಬೇರೆಯಾಗಿದ್ದರೆ ಮೆಟ್ಟಿಲಿಳಿಯುವ ಕೆಲಸ ಸರಿಯಾಗಿದೆ, ಹೆಸರು ಹಚ್ಚುವಲ್ಲಿ ತಪ್ಪಾಗಿದೆ. ಒಂದು ನಿರ್ದಿಷ್ಟ ಲೈಬ್ರರಿಯ ಹೆಸರುಗಳಷ್ಟೇ ತಪ್ಪಾಗಿ, ಎಲ್ಲವೂ ಒಂದೇ ಅಂತರದಷ್ಟು ಜರುಗಿದ್ದರೆ ಎರಡನೆಯ ಹಂತವನ್ನು ಶಂಕಿಸಬೇಕು: ಕಡತದೊಳಗಿನ ಸ್ಥಾನವೂ ಮೆಮೊರಿಯ ವಿಳಾಸವೂ ಒಂದೇ ಎಂದು ಯಾರೋ ಭಾವಿಸಿರುತ್ತಾರೆ. ಹಳೆಯ ಲಿಂಕರುಗಳಲ್ಲಿ (ಕೋಡಿನ ತುಂಡುಗಳನ್ನು ಜೋಡಿಸಿ ಒಂದು ಕಡತ ಮಾಡುವ ಉಪಕರಣಗಳಲ್ಲಿ) ಆ ಭಾವನೆ ಬಹುಮಟ್ಟಿಗೆ ನಡೆಯುತ್ತಿತ್ತು, ಎಲ್‌ಎಲ್‌ಡಿ ಲಿಂಕರ್ ಬಳಸಿದಾಗ ಮುರಿದುಬೀಳುತ್ತದೆ. ವಿಳಾಸಗಳೇ ಬೇರೆಯಾಗಿದ್ದರೆ ಅಥವಾ ಟ್ರೇಸ್ ನಡುವೆಯೇ ನಿಂತಿದ್ದರೆ ಮೊದಲ ಹಂತ.

ಅದಾದ ಮೇಲೆ ತಪ್ಪಿದ ಒಂದೇ ಒಂದು ಮೆಟ್ಟಿಲನ್ನು ಕೈಲೆಕ್ಕದಲ್ಲಿ ಇಳಿಯುತ್ತೇನೆ. ರೀಡ್‌ಎಲ್ಫ್ ಉಪಕರಣಕ್ಕೆ ಫ್ರೇಮ್ ಲೆಕ್ಕವನ್ನು ಬಿಡಿಸಿ ತೋರಿಸು ಎಂದರೆ ಪ್ರತಿ ವಿಳಾಸಕ್ಕೂ ಒಂದು ಸಾಲಿನ ಕೋಷ್ಟಕ ಕೊಡುತ್ತದೆ. ಆ ಸಾಲು ನೋಡಿ, ಸ್ಟ್ಯಾಕ್ ಪಾಯಿಂಟರಿಗೆ ಕೂಡಿಸಿ, ಮೆಮೊರಿಯಲ್ಲಿ ಏನಿದೆ ಎಂದು ನೋಡಿದರೆ ಮುಗಿಯಿತು. ಇದಕ್ಕೆ ಅರ್ಧ ಗಂಟೆ ಸಾಕು. ಈ ಅರ್ಧ ಗಂಟೆಯನ್ನು ಉಳಿಸಲು ಹೋದವರು ಕಳೆದುಕೊಂಡ ದಿನಗಳನ್ನು ಲೆಕ್ಕ ಹಾಕಲು ಸಾಧ್ಯವಿಲ್ಲ.

4214 ಎಂಬ ವಿಳಾಸ

ಬ್ಯಾಟರಿಯ ಕಥೆಯನ್ನು ಹತ್ತಿರದಿಂದ ತೋರಿಸುತ್ತೇನೆ, ಏಕೆಂದರೆ ಈ ತಪ್ಪು ಸ್ಟ್ಯಾಕ್ ಬಿಚ್ಚುವ ಪ್ರತಿಯೊಂದು ಲೈಬ್ರರಿಯ ಬಾಗಿಲಲ್ಲೂ ಒಮ್ಮೆ ಬಂದು ನಿಲ್ಲುತ್ತದೆ.

ನಮ್ಮ ಪ್ರೋಗ್ರಾಂನಲ್ಲಿ ಬ್ಯಾಟರಿ ಫಂಕ್ಷನ್‌ನ ಕೊನೆಯ ಸೂಚನೆ 4210ರಲ್ಲಿತ್ತು. ವಿಳಾಸಗಳೆಲ್ಲ ಹದಿನಾರರ ಎಣಿಕೆಯವು. ಎಆರ್‌ಎಂ 64ರಲ್ಲಿ ಪ್ರತಿ ಸೂಚನೆಯೂ 4 ಬೈಟ್. ಹಾಗಾಗಿ ಪಕ್ಕದ ಸೆಟ್ಟಿಂಗ್ ಫಂಕ್ಷನ್ 4214ರಲ್ಲಿ ಶುರು. ಬ್ಯಾಟರಿ ಫಂಕ್ಷನ್‌ನ ಆ ಕೊನೆಯ ಸೂಚನೆ ಅಬಾರ್ಟ್ ಕರೆ, ಅಂದರೆ ಎಂದೂ ಮರಳಿ ಬಾರದ ಕರೆ. ಆದರೂ ಪ್ರೊಸೆಸರ್ ತನ್ನ ನಿಯಮದಂತೆ ಮುಂದಿನ ಸೂಚನೆಯ ವಿಳಾಸ 4214 ಅನ್ನೇ ಮರಳುವ ವಿಳಾಸವಾಗಿ ಬರೆದಿಡುತ್ತದೆ. ಆ ವಿಳಾಸವನ್ನು ಇದ್ದಂತೆಯೇ ಹುಡುಕಿದರೆ ಸಿಗುವುದು ಸೆಟ್ಟಿಂಗ್ ಫಂಕ್ಷನ್, ಕರೆದವನು ಮಾತ್ರ ಬ್ಯಾಟರಿ ಫಂಕ್ಷನ್. ಆದ್ದರಿಂದ ಮರಳುವ ವಿಳಾಸದಿಂದ ಒಂದನ್ನು ಕಳೆದು, 4213 ಯಾರದು ಎಂದು ಹುಡುಕಬೇಕು. ಎಲ್ಲರೂ ಹೀಗೆಯೇ ಮಾಡುತ್ತಾರೆ, ಅದು ಸರಿ.

ಆದರೆ ಕುಸಿತದ ಜಾಗ ಮರಳುವ ವಿಳಾಸವಲ್ಲ. ಸ್ಟ್ಯಾಕ್ ತುಂಬಿದಾಗ ಫಂಕ್ಷನ್ ಎಲ್ಲಿ ಕುಸಿಯುತ್ತದೆ? ಸಾಮಾನ್ಯವಾಗಿ ತನ್ನ ಮೊಟ್ಟಮೊದಲ ಸೂಚನೆಯಲ್ಲೇ. ಎಕ್ಸ್29, ಎಕ್ಸ್30 ರಿಜಿಸ್ಟರುಗಳನ್ನು ಸ್ಟ್ಯಾಕಿಗೆ ಬರೆಯುವ ಸೂಚನೆ ಅದು. ಬರೆಯಲು ಜಾಗವಿಲ್ಲದೆ ಅಲ್ಲೇ ಬೀಳುತ್ತದೆ. ಸೆಟ್ಟಿಂಗ್ ಫಂಕ್ಷನ್ ಬಿದ್ದದ್ದು ಸರಿಯಾಗಿ 4214ರಲ್ಲಿ. ಲಿನಕ್ಸಿನ ತಿರುಳಾದ ಕರ್ನಲ್ ಕುಸಿತದ ಸೂಚನೆಯಾಗಿ ಸಿಗ್ನಲ್ ಕಳಿಸುವಾಗ ದಾಖಲಿಸಿಕೊಟ್ಟ ವಿಳಾಸ ಖಚಿತವಾದದ್ದು, ಅದರಿಂದ ಏನನ್ನೂ ಕಳೆಯಕೂಡದು. ನಮ್ಮ ಲೈಬ್ರರಿ ಅಲ್ಲೂ ಒಂದನ್ನು ಕಳೆಯಿತು. 4213 ಸಿಕ್ಕಿತು, ಬ್ಯಾಟರಿ ಎಂದಿತು.

ಒಂದೇ ಸಂಖ್ಯೆ 4214. ಕರೆಯಿಂದ ಬಂದದ್ದಾದರೆ ಹಿಂದಿನ ಫಂಕ್ಷನ್‌ಗೆ ಸೇರಿದ್ದು, ಸಿಗ್ನಲ್‌ನಿಂದ ಬಂದದ್ದಾದರೆ ಮುಂದಿನದಕ್ಕೆ. ಈ ಭೇದ ತಿಳಿಯಲು ಸಿಗ್ನಲ್ ಫ್ರೇಮನ್ನು ಗುರುತಿಸಬೇಕು. ಡ್ವಾರ್ಫ್ ಲೆಕ್ಕದಲ್ಲಿ 'ಎಸ್' ಎಂಬ ಗುರುತು ಇದ್ದರೆ ಅದು ಸಿಗ್ನಲ್ ಫ್ರೇಮ್. ಎಆರ್‌ಎಂ 64ರಲ್ಲಿ ಎಷ್ಟೋ ಲೈಬ್ರರಿಗಳು ಎರಡು ಸೂಚನೆಗಳನ್ನೇ ನೋಡಿ ಗುರುತು ಹಿಡಿಯುತ್ತವೆ: ಎಕ್ಸ್8 ರಿಜಿಸ್ಟರಿಗೆ 139 ಹಾಕುವುದು, ಅನಂತರ ಕರ್ನಲ್ ಕರೆಯುವುದು. ಸಿಗ್ನಲ್‌ನಿಂದ ಮರಳುವ ಕರ್ನಲ್ ಕರೆಯ ಸಂಖ್ಯೆ 139. ನಮ್ಮ ಲೈಬ್ರರಿ ಇದನ್ನು ಗುರುತಿಸುತ್ತಿತ್ತು ಕೂಡ. ಮೆಟ್ಟಿಲಿಳಿಯುವ ಭಾಗಕ್ಕೆ ಆ ವಿಷಯ ಗೊತ್ತಿತ್ತು, ಹೆಸರು ಹಚ್ಚುವ ಭಾಗಕ್ಕೆ ಯಾರೂ ಹೇಳಿರಲಿಲ್ಲ.

ಹೆಸರು ತಪ್ಪಿದರೂ ಕೆಳಗೆ ಸೆಟ್ಟಿಂಗ್ ಫಂಕ್ಷನ್ ನೂರಾರು ಸಲ ಕಂಡಿದ್ದರೆ ನಮಗೆ ಸುಳಿವು ಸಿಗುತ್ತಿತ್ತು. ಅದೂ ಕಾಣಲಿಲ್ಲ, ಟ್ರೇಸ್ ಒಂದೇ ಹೆಸರಿಗೆ ನಿಂತಿತ್ತು. ಅದಕ್ಕೆ ಇನ್ನೊಂದು ತಪ್ಪು ಕಾರಣ. ಸ್ಟ್ಯಾಕ್ ತುಂಬಿದ ಮೇಲೆ ಸಿಗ್ನಲ್ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಕೆಲಸ ಮಾಡುವ ಕೋಡ್) ಓಡಲು ಅದೇ ಸ್ಟ್ಯಾಕಿನಲ್ಲಿ ಜಾಗವಿರುವುದಿಲ್ಲ. ಆದ್ದರಿಂದ ಪರ್ಯಾಯ ಸ್ಟ್ಯಾಕ್ ಒಂದನ್ನು ಮೊದಲೇ ಕಾಯ್ದಿರಿಸಿರುತ್ತೇವೆ. ಇತ್ತ ಲೈಬ್ರರಿಯಲ್ಲಿ ಒಂದು ಕಾವಲು ಇತ್ತು: ಹಿಂದೆ ಹಿಂದೆ ಹೋದಂತೆ ಫ್ರೇಮಿನ ವಿಳಾಸ ಏರುತ್ತಲೇ ಇರಬೇಕು, ಇಳಿದರೆ ಸ್ಟ್ಯಾಕ್ ಕೆಟ್ಟಿದೆ ಎಂದು ನಿಲ್ಲಬೇಕು. ಸುತ್ತಿ ಸುತ್ತಿ ಅಲ್ಲೇ ಬೀಳದಂತೆ ತಡೆಯುವ ಒಳ್ಳೆಯ ಕಾವಲು ಅದು. ಆದರೆ ನಮ್ಮ ಪರ್ಯಾಯ ಸ್ಟ್ಯಾಕ್ ಮೇಲಿನ ವಿಳಾಸದಲ್ಲಿತ್ತು, ಕೆಲಸ ಮಾಡುವ ಥ್ರೆಡ್ಡಿನ ಸ್ಟ್ಯಾಕ್ ಕೆಳಗಿತ್ತು. ಒಂದರಿಂದ ಇನ್ನೊಂದಕ್ಕೆ ದಾಟುವಾಗ ವಿಳಾಸ ಇಳಿಯುವುದು ಸಹಜ. ಕಾವಲುಗಾರ ಮನೆಯವರನ್ನೇ ತಡೆದು ನಿಲ್ಲಿಸಿದ.

ರಿಪೇರಿಯ ದಾರಿ

ಮೇಲಿನ ಎರಡೂ ತಪ್ಪುಗಳನ್ನು ಸೇರಿಸಿ ತಿದ್ದಿದ ಸಾಲುಗಳು ಇಪ್ಪತ್ತನ್ನು ದಾಟಲಿಲ್ಲ. ಇಂಥ ತಪ್ಪುಗಳ ಗುಣವೇ ಹಾಗೆ: ಹುಡುಕಲು ಕಷ್ಟ, ತಿದ್ದಲು ಸುಲಭ. ಹಾಗಾಗಿ ತಪ್ಪು ಮೊದಲ ಹಂತದ್ದಾಗಿದ್ದು, ಅದನ್ನು ಪುಟ್ಟ ಪ್ರೋಗ್ರಾಂ ಒಂದರಲ್ಲಿ ಮತ್ತೆ ಮತ್ತೆ ಎಬ್ಬಿಸಲು ನಿಮಗೆ ಸಾಧ್ಯವಾದರೆ, ಕಣ್ಣು ಮುಚ್ಚಿ ರಿಪೇರಿಯನ್ನೇ ಆರಿಸಿ.

ಎಲ್ಲಿ ನೋಡಬೇಕೆಂದು ಹೇಳುತ್ತೇನೆ. ಎರಡು ಫ್ರೇಮ್ ವಿಭಾಗಗಳ ವ್ಯತ್ಯಾಸ ಮೊದಲ ಜಾಗ. ಪ್ರತಿ ಫಂಕ್ಷನ್‌ಗೆ ಎಫ್‌ಡಿಇ ಎಂಬ ದಾಖಲೆ ಇರುತ್ತದೆ, ಅದು ಸಿಐಇ ಎಂಬ ಸಾಮಾನ್ಯ ದಾಖಲೆಯೊಂದನ್ನು ಬೆರಳು ಮಾಡಿ ತೋರಿಸುತ್ತದೆ. ಡಿಬಗ್ ಫ್ರೇಮಿನಲ್ಲಿ ಆ ಬೆರಳು ವಿಭಾಗದ ಆರಂಭದಿಂದ ಎಣಿಕೆ. ಇಎಚ್ ಫ್ರೇಮಿನಲ್ಲಿ ತಾನು ನಿಂತ ಜಾಗದಿಂದ ಹಿಂದಕ್ಕೆ ಎಣಿಕೆ. ಸಿಐಇಯ ಗುರುತು ಒಂದರಲ್ಲಿ ಎಲ್ಲ ಬಿಟ್‌ಗಳೂ 1, ಇನ್ನೊಂದರಲ್ಲಿ 0. ಒಂದನ್ನು ಓದುವ ಕೋಡನ್ನು ಇನ್ನೊಂದಕ್ಕೆ ನಕಲು ಮಾಡಿದ ಕಡೆ ಈ ತಪ್ಪು ಬಿಟ್ಟೂಬಿಡದೆ ಸಿಗುತ್ತದೆ.

ಇನ್ನೊಂದು ನನಗೆ ಬಹಳ ಪಾಠ ಕಲಿಸಿದ್ದು. ಫಂಕ್ಷನ್ ನಡುವೆಯೇ ಮರಳಿ ಹೋಗುವ ದಾರಿಯೊಂದಿದ್ದರೆ, ಕಂಪೈಲರ್ ಆ ದಾರಿಗೆ ಮುಂಚೆ 'ಈಗಿನ ಸ್ಥಿತಿಯನ್ನು ನೆನಪಿಟ್ಟುಕೋ' ಎಂದೂ, ಅದು ಮುಗಿದ ಮೇಲೆ 'ನೆನಪಿನ ಸ್ಥಿತಿಗೆ ಮರಳು' ಎಂದೂ ಲೆಕ್ಕದಲ್ಲಿ ಬರೆಯುತ್ತದೆ. ಮರಳುವಾಗ ರಿಜಿಸ್ಟರುಗಳ ನಿಯಮಗಳ ಜೊತೆಗೆ ಫ್ರೇಮಿನ ಆಧಾರ ವಿಳಾಸದ ನಿಯಮವೂ ಮರಳಬೇಕು. ರಿಜಿಸ್ಟರುಗಳನ್ನು ಮಾತ್ರ ಮರಳಿಸಿ ಆಧಾರವನ್ನು ಮರೆತರೆ ಏನಾಗುತ್ತದೆ? ಫಂಕ್ಷನ್‌ನ ಮೊದಲರ್ಧದಲ್ಲಿ ಕುಸಿದರೆ ಟ್ರೇಸ್ ಚೊಕ್ಕ, ಆ ನಡುವಿನ ದಾರಿಯ ಆಚೆಗೆ ಕುಸಿದರೆ ಕಸ. ಒಂದೇ ಫಂಕ್ಷನ್‌ನಿಂದ ಕೆಲವೊಮ್ಮೆ ಸರಿ, ಕೆಲವೊಮ್ಮೆ ತಪ್ಪು ಟ್ರೇಸ್ ಬರುತ್ತಿದ್ದರೆ ಬೇರೆಲ್ಲ ಬಿಟ್ಟು ಮೊದಲು ಇಲ್ಲಿ ನೋಡಿ.

ಹೆಸರು ಹಚ್ಚುವ ಹಂತದಲ್ಲಿ ನಾನು ಹೆಚ್ಚಾಗಿ ಕಂಡದ್ದು 2017ರಲ್ಲಿ ಬಂದ ಡ್ವಾರ್ಫ್ 5ರ ಬದಲಾವಣೆಯಿಂದ ಆದದ್ದು. ಹಿಂದಿನ ಆವೃತ್ತಿಗಳಲ್ಲಿ ಮೂಲ ಕಡತಗಳ ಪಟ್ಟಿ 1ರಿಂದ ಶುರು, ಐದರಲ್ಲಿ 0ಯಿಂದ. ಹಳೆಯ ಲೆಕ್ಕದಲ್ಲಿ ಓದಿದರೆ ಸಾಲು ಸಂಖ್ಯೆ ಸರಿಯಾಗಿದ್ದು ಕಡತದ ಹೆಸರು ಪಕ್ಕದ್ದಾಗುತ್ತದೆ. ಹೊಸ ಎಆರ್‌ಎಂ ಪ್ರೊಸೆಸರುಗಳಲ್ಲಿ ಮರಳುವ ವಿಳಾಸಕ್ಕೆ ಸಹಿ ಹಾಕುವ ಸೌಲಭ್ಯ ಇದೆ. ವಿಳಾಸದ ಮೇಲ್ತುದಿಯ ಬಿಟ್‌ಗಳಲ್ಲಿ ಸಹಿ ಕೂತಿರುತ್ತದೆ, ಅದನ್ನು ಒರೆಸದೆ ಹುಡುಕಿದರೆ ಏನೂ ಸಿಗುವುದಿಲ್ಲ.

ಕೆಲವೊಮ್ಮೆ ಲೈಬ್ರರಿ ನಿರಪರಾಧಿ. ಕೈಯಿಂದ ಬರೆದ ಅಸೆಂಬ್ಲಿ ಕೋಡಿಗೆ ಕಂಪೈಲರ್ ತಾನಾಗಿ ಲೆಕ್ಕ ಬರೆಯುವುದಿಲ್ಲ. ಬರೆದವರೇ ಸಿಎಫ್‌ಐ ಎಂಬ ಫ್ರೇಮ್ ಲೆಕ್ಕದ ಸೂಚನೆಗಳನ್ನು ಹಾಕಬೇಕು. ಅಲ್ಲಿ ತಪ್ಪಿದ್ದರೆ ಓದುವವನನ್ನು ತಿದ್ದಲು ಹೋಗಬೇಡಿ, ಬರೆದದ್ದನ್ನು ತಿದ್ದಿ. ರಿಪೇರಿ ಏನೇ ಇರಲಿ, ತಪ್ಪನ್ನು ಎಬ್ಬಿಸಿದ ಆ ಪುಟ್ಟ ಪ್ರೋಗ್ರಾಂ ಪರೀಕ್ಷೆಯಾಗಿ ಉಳಿಯಬೇಕು. ಜೊತೆಗೆ ಕೆಟ್ಟ ಇಎಚ್ ಫ್ರೇಮ್ ಬೈಟ್‌ಗಳನ್ನು ಬೇಕೆಂದೇ ಉಣಿಸಿ, ಮೆಮೊರಿಯ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಓಡಿಸಿ ನೋಡಬೇಕು. ಕುಸಿದ ಪ್ರೋಗ್ರಾಂನೊಳಗೆ ಓಡುವ ಕೋಡ್ ತಾನೇ ಕುಸಿದರೆ ನಮ್ಮ ಕೈಗೆ ಒಂದಕ್ಷರವೂ ಬರುವುದಿಲ್ಲ.

ಬೇರೆ ಲೈಬ್ರರಿಯ ದಾರಿ

ಸ್ವಂತ ಲೈಬ್ರರಿಯನ್ನು ನೋಡಿಕೊಳ್ಳಲು ಜನರಿಲ್ಲ ಎಂದಾದರೆ ಈ ದಾರಿ ಸರಿ. ಆದರೆ ಲೈಬ್ರರಿಗಳು ಒಂದಕ್ಕೊಂದು ಬದಲಿಯಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು.

ಲಿನಕ್ಸಿನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಬ್ಯಾಕ್‌ಟ್ರೇಸ್ ಕರೆ ಎಲ್ಲರ ಕೈಗೂ ಸಿಗುವುದು, ಒಳಗೆ ಅದು ಜಿಸಿಸಿ ಕಂಪೈಲರಿನ ಬಿಚ್ಚುವ ಕೋಡನ್ನೇ ಬಳಸುತ್ತದೆ. ಮೊದಲ ಬಾರಿ ಕರೆದಾಗ ಆ ಲೈಬ್ರರಿಯನ್ನು ಲೋಡ್ ಮಾಡಿಕೊಳ್ಳುತ್ತದೆ, ಮೆಮೊರಿ ಕೇಳುತ್ತದೆ. ಸಿಗ್ನಲ್ ಹ್ಯಾಂಡ್ಲರಿನಲ್ಲಿ ಅದು ಅಪಾಯ. ಪ್ರೋಗ್ರಾಂ ಶುರುವಾದ ಕೂಡಲೇ ಒಮ್ಮೆ ಸುಮ್ಮನೆ ಕರೆದುಬಿಟ್ಟರೆ ಆ ಅಪಾಯ ತಪ್ಪುತ್ತದೆ. ಲೋಡ್ ಆದ ಲೈಬ್ರರಿಗಳ ಪಟ್ಟಿ ನೋಡಲು ಹಿಂದೆ ಬೀಗ ಹಿಡಿಯಬೇಕಿತ್ತು, ಬೀಗ ಹಿಡಿದ ಥ್ರೆಡ್ಡೇ ಕುಸಿದರೆ ಎಲ್ಲವೂ ಸ್ತಬ್ಧ. 2022ರ ಜಿಲಿಬ್‌ಸಿ 2.35 ಬೀಗವಿಲ್ಲದ ಹುಡುಕಾಟವನ್ನು ಕೊಟ್ಟಿತು, ಅದೇ ವರ್ಷದ ಜಿಸಿಸಿ 12 ಅದನ್ನು ಬಳಸತೊಡಗಿತು. ನಿಮ್ಮ ಸಾಧನದಲ್ಲಿ ಇವೆರಡೂ ಇದ್ದರೆ ಈ ಆಯ್ಕೆ ಮೊದಲಿಗಿಂತ ಎಷ್ಟೋ ಗಟ್ಟಿ.

ಲಿಬ್‌ಅನ್‌ವೈಂಡ್ ಡಿಬಗ್ ಫ್ರೇಮನ್ನೂ ಓದಬಲ್ಲದು, ಇನ್ನೊಂದು ಪ್ರೋಗ್ರಾಂನ ಸ್ಟ್ಯಾಕನ್ನು ಹೊರಗಿನಿಂದಲೂ ಬಿಚ್ಚಬಲ್ಲದು. ಎಲ್ಫ್‌ಯುಟಿಲ್ಸ್‌ನ ಲಿಬ್‌ಡಿಡಬ್ಲ್ಯೂ ಡ್ವಾರ್ಫ್ ಓದುವುದರಲ್ಲಿ ನುರಿತದ್ದು, ಕೋರ್ ಕಡತಕ್ಕೂ ಓಡುತ್ತಿರುವ ಪ್ರೋಗ್ರಾಂಗೂ ಹೊಂದುತ್ತದೆ. ಕುಸಿದವನ ಒಳಗಿನಿಂದ ಕರೆಯಲು ಮಾತ್ರ ಅಲ್ಲ. ಇನ್ನು ಲಿಬ್‌ಬ್ಯಾಕ್‌ಟ್ರೇಸ್: ಕಡತ, ಸಾಲು, ಇನ್‌ಲೈನ್ ಆದ ಫಂಕ್ಷನ್‌ಗಳ ಹೆಸರು, ಇವುಗಳನ್ನು ಚೆನ್ನಾಗಿ ಕೊಡುತ್ತದೆ. ಆದರೆ ಮೆಟ್ಟಿಲಿಳಿಯಲು ಅದು ಜಿಸಿಸಿಯ ಕೋಡನ್ನೇ ನೆಚ್ಚಿದೆ. ಜಿಸಿಸಿಯ ಕೋಡು ಎಡವುತ್ತಿರುವ ಜಾಗದಲ್ಲಿ ಇದಕ್ಕೆ ಬದಲಾದರೆ ಹೆಸರುಗಳು ಅಂದವಾಗುತ್ತವೆ, ಎಡವುವುದು ತಪ್ಪುವುದಿಲ್ಲ. ಹಂತ ಗುರುತಿಸಿಕೊಳ್ಳದೆ ಬದಲಾಯಿಸಬೇಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಫ್ರೇಮ್ ಪಾಯಿಂಟರ್ ಸರಪಳಿ

ಇದು ಹಳೆಯ, ಸರಳ ದಾರಿ. ಪ್ರತಿ ಫಂಕ್ಷನ್ ತನಗೆ ಮುಂಚಿನ ಫ್ರೇಮಿನ ವಿಳಾಸವನ್ನೂ ಮರಳುವ ವಿಳಾಸವನ್ನೂ ಜೋಡಿಯಾಗಿ ಸ್ಟ್ಯಾಕಿನಲ್ಲಿಟ್ಟು, ಆ ಜೋಡಿಯತ್ತ ಒಂದು ರಿಜಿಸ್ಟರನ್ನು ತಿರುಗಿಸಿರುತ್ತದೆ. ಕೊಂಡಿ ಹಿಡಿದು ಕೊಂಡಿಗೆ ಹೋದರೆ ಸಾಕು. ಡಿಬಗ್ ಮಾಹಿತಿಯ ಹಂಗಿಲ್ಲ, ಹತ್ತು ಸಾಲಿನ ಕೋಡು, ಸಿಗ್ನಲ್ ಹ್ಯಾಂಡ್ಲರಿನಲ್ಲೂ ನಿರ್ಭಯ. ಒಂದು ರಿಜಿಸ್ಟರ್ ಅದಕ್ಕೇ ಮೀಸಲಾಗುತ್ತದೆ ಎಂಬ ಕಾರಣಕ್ಕೆ ಬಹಳ ವರ್ಷ ಜನ ಇದನ್ನು ಕೈಬಿಟ್ಟಿದ್ದರು. 2023ರ ಫೆಡೋರಾ 38, 2024ರ ಉಬುಂಟು 24.04 ಎಂಬ ಲಿನಕ್ಸ್ ವಿತರಣೆಗಳು ಇದನ್ನು ತಮ್ಮ ಬಹುತೇಕ ಪ್ಯಾಕೇಜುಗಳಿಗೆ ಮತ್ತೆ ತಂದವು, ಪ್ರೊಫೈಲಿಂಗ್ (ಪ್ರೋಗ್ರಾಂನ ಸಮಯ ಎಲ್ಲಿ ಹೋಗುತ್ತಿದೆ ಎಂದು ಅಳೆಯುವ ಕೆಲಸ) ಮಾಡುವವರಿಗೆ ಅದರಿಂದ ದೊಡ್ಡ ಉಪಕಾರವಾಯಿತು.

ಕುಸಿತದ ವರದಿಗೆ ಮಾತ್ರ ಇದೊಂದನ್ನೇ ನೆಚ್ಚಿಕೊಳ್ಳಲು ನಾನು ಒಪ್ಪುವುದಿಲ್ಲ. ನಮ್ಮ 4214ರ ಕುಸಿತವನ್ನೇ ನೋಡಿ. ಮೊದಲ ಸೂಚನೆಯಲ್ಲೇ ಬಿದ್ದದ್ದರಿಂದ ಹೊಸ ಜೋಡಿ ಇನ್ನೂ ಸ್ಟ್ಯಾಕಿಗೆ ಸೇರಿಲ್ಲ, ಎಕ್ಸ್29 ಇನ್ನೂ ಕರೆದವನ ಜೋಡಿಯತ್ತಲೇ ನೋಡುತ್ತಿದೆ. ಆ ಜೋಡಿಯಲ್ಲಿರುವ ಮರಳುವ ವಿಳಾಸ ಕರೆದವನನ್ನು ಕರೆದವನದು. ಕುಸಿದವನ ಮುಂದಿನ ಹೆಸರೇ, ಅಂದರೆ ನಮಗೆ ಅತಿ ಮುಖ್ಯವಾದ ಹೆಸರೇ, ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಡ್ವಾರ್ಫ್ ಲೆಕ್ಕ ಆ ಸೂಚನೆಯಲ್ಲಿ ಮರಳುವ ವಿಳಾಸ ಎಕ್ಸ್30 ರಿಜಿಸ್ಟರಿನಲ್ಲೇ ಇದೆ ಎಂದು ಸ್ಪಷ್ಟವಾಗಿ ಹೇಳುತ್ತದೆ.

ಇವೆರಡರ ನಡುವೆ ಎಸ್‌ಫ್ರೇಮ್ ಎಂಬ ಹೊಸ ರೂಪವೊಂದು 2023ರ ಬಿನ್‌ಯುಟಿಲ್ಸ್ 2.40ರೊಂದಿಗೆ ಬಂದಿದೆ. ಆಧಾರ ವಿಳಾಸ, ಫ್ರೇಮ್ ಪಾಯಿಂಟರ್, ಮರಳುವ ವಿಳಾಸ, ಈ ಮೂರರ ಲೆಕ್ಕವನ್ನಷ್ಟೇ ಇಡುತ್ತದೆ. ಟ್ರೇಸಿಗೆ ಅಷ್ಟು ಸಾಕು, ಡಿಬಗ್ಗರಿಗೆ ಸಾಲದು. ಲಿನಕ್ಸ್ ಕರ್ನಲ್ ತನಗಾಗಿ ಇದೇ ಬಗೆಯ ಸರಳ ಲೆಕ್ಕವನ್ನು ಓಆರ್‌ಸಿ ಎಂಬ ಹೆಸರಿನಲ್ಲಿ 2017ರ 4.14ನೆಯ ಆವೃತ್ತಿಯಲ್ಲೇ ಅಳವಡಿಸಿಕೊಂಡಿತು. ನಮ್ಮ ಬೋರ್ಡಿನ ಹಳೆಯ ಉಪಕರಣಗಳಲ್ಲಿ ಎಸ್‌ಫ್ರೇಮ್ ಇಲ್ಲ, ಆದ್ದರಿಂದ ಅದು ಸದ್ಯಕ್ಕೆ ನನ್ನ ಆಯ್ಕೆಯ ಪಟ್ಟಿಯಲ್ಲಿಲ್ಲ.

ಸ್ಟ್ಯಾಕನ್ನೇ ಹೊತ್ತು ತರುವುದು

ಕೊನೆಯ ದಾರಿ ನಮಗೆ ಒಗ್ಗಿದ್ದು. ಕುಸಿದಾಗ ಪೆಟ್ಟಿಗೆಯಲ್ಲಿ ಏನನ್ನೂ ಬಿಚ್ಚುವುದಿಲ್ಲ. ರಿಜಿಸ್ಟರುಗಳು, ಸ್ಟ್ಯಾಕ್ ಪಾಯಿಂಟರಿನಿಂದ ಮೇಲಕ್ಕೆ 64 ಕಿಲೋಬೈಟ್, ಲೋಡ್ ಆದ ಲೈಬ್ರರಿಗಳ ವಿಳಾಸ ಹಾಗೂ ಬಿಲ್ಡ್ ಗುರುತು, ಇಷ್ಟನ್ನು ಕಡತಕ್ಕೆ ಬರೆದು ಕಳಿಸುತ್ತದೆ. ಬಿಚ್ಚುವುದು ಮಡಿಕೇರಿಯ ನನ್ನ ಮೇಜಿನ ಮೇಲೆ. ಲೈಬ್ರರಿಯಲ್ಲಿ ತಪ್ಪಿದ್ದರೆ ತಿದ್ದಿ ಅದೇ ವರದಿಯನ್ನು ಮತ್ತೆ ಬಿಚ್ಚಬಹುದು. ಕಳೆದ ತಿಂಗಳ ವರದಿಗಳೂ ಹೊಸ ಕೋಡಿನಿಂದ ಸರಿಯಾಗುತ್ತವೆ. ಉಳಿದ ಮೂರು ದಾರಿಗಳಲ್ಲಿ ಈ ಅನುಕೂಲ ಇಲ್ಲ. ಪೆಟ್ಟಿಗೆಯಲ್ಲೇ ತಪ್ಪಾಗಿ ಬಿಚ್ಚಿ ಹೆಸರು ಮಾತ್ರ ಕಳಿಸಿದರೆ ಮೂಲ ಸಾಕ್ಷ್ಯ ಆಗಲೇ ಅಳಿದುಹೋಗಿರುತ್ತದೆ.

ತೊಡಕುಗಳೂ ಇವೆ. 64 ಕಿಲೋಬೈಟಿನಲ್ಲಿ ನಮ್ಮ ಸೆಟ್ಟಿಂಗ್ ಫಂಕ್ಷನ್‌ನ 256 ಬೈಟಿನ ಫ್ರೇಮುಗಳು 256 ಹಿಡಿಸುತ್ತವೆ. 8 ಮೆಗಾಬೈಟಿನ ಸ್ಟ್ಯಾಕ್ ತುಂಬಿದಾಗ ಅಂಥವು 32 ಸಾವಿರಕ್ಕೂ ಹೆಚ್ಚಿರುತ್ತವೆ. ತನ್ನನ್ನೇ ಕರೆದುಕೊಳ್ಳುತ್ತಿದೆ ಎಂದು ತಿಳಿಯಲು 256 ಧಾರಾಳ, ಮೊದಲು ಕರೆದವರು ಯಾರೆಂದು ತಿಳಿಯಲು ಸಾಲದು. ಲಿನಕ್ಸಿನ ಪರ್ಫ್ ಎಂಬ ಪ್ರೊಫೈಲಿಂಗ್ ಉಪಕರಣ ಡ್ವಾರ್ಫ್ ಬಗೆಯಲ್ಲಿ ಬೇರೆ ಹೇಳದಿದ್ದರೆ ಪ್ರತಿ ಮಾದರಿಗೂ 8192 ಬೈಟ್ ಮಾತ್ರ ನಕಲು ಮಾಡುವುದರಿಂದ, ಆಳದ ಕರೆಗಳ ಬುಡ ಅಲ್ಲೂ ಕಾಣುವುದಿಲ್ಲ. ಸ್ಟ್ಯಾಕಿನಲ್ಲಿ ವೈಫೈ ಪಾಸ್‌ವರ್ಡ್‌ನಂಥವೂ ಇರಬಹುದು, ಆದ್ದರಿಂದ ಕಡತವನ್ನು ಗೂಢಲಿಪಿಯಲ್ಲೇ ಕಳಿಸಬೇಕು. ಸಾಧನಕ್ಕೆ ಹೋದ ಪ್ರತಿ ಬಿಲ್ಡಿನ ಸ್ಟ್ರಿಪ್ ಮಾಡದ ಕಡತವನ್ನು ಜತನವಾಗಿ ಇಟ್ಟುಕೊಳ್ಳಬೇಕು. ಡಿಬಗ್ ಮಾಹಿತಿಯನ್ನು ಪ್ರತ್ಯೇಕ ಕಡತವಾಗಿ ತೆಗೆದಿಟ್ಟವರು ಒಂದು ವಿಷಯ ಗಮನಿಸಿ: ಆ ಪ್ರತ್ಯೇಕ ಕಡತದಲ್ಲಿ ಇಎಚ್ ಫ್ರೇಮ್ ವಿಭಾಗದ ಹೆಸರಿರುತ್ತದೆ, ಒಳಗೆ ಬೈಟ್‌ಗಳಿರುವುದಿಲ್ಲ. ಮೂಲ ಕಡತವೂ ಜೊತೆಗೆ ಬೇಕು. ಈ ಖಾಲಿ ವಿಭಾಗವನ್ನು ಓದಲು ಹೋಗಿ 'ಲೆಕ್ಕ ಸಿಗಲಿಲ್ಲ' ಎನ್ನುವ ಉಪಕರಣವನ್ನು ಕೆಟ್ಟಿದೆ ಎಂದು ಬೈಯುತ್ತಾ ನಾನು ಒಂದಿಡೀ ದಿನ ಕಳೆದಿದ್ದೇನೆ.

ಈ ದಾರಿಯಲ್ಲಿ ಗೂಗಲ್‌ನ ಕ್ರ್ಯಾಶ್ ವರದಿ ಉಪಕರಣವಾದ ಬ್ರೇಕ್‌ಪ್ಯಾಡ್‌ನಿಂದ ನಾವು ಕಲಿತ ಒಂದು ಪದ್ಧತಿಯನ್ನು ಯಾವ ಆಯ್ಕೆಯ ಜೊತೆಗಾದರೂ ಸೇರಿಸಿಕೊಳ್ಳಿ. ಅದು ಪ್ರತಿ ಫ್ರೇಮಿನ ಪಕ್ಕದಲ್ಲೂ ಅದು ಸಿಕ್ಕಿದ್ದು ಹೇಗೆ ಎಂದು ಬರೆಯುತ್ತದೆ: ರಿಜಿಸ್ಟರಿನಿಂದ ನೇರವಾಗಿಯೋ, ಫ್ರೇಮ್ ಲೆಕ್ಕದಿಂದಲೋ, ಫ್ರೇಮ್ ಪಾಯಿಂಟರಿನಿಂದಲೋ, ಸ್ಟ್ಯಾಕನ್ನು ಜಾಲಾಡಿ ಊಹಿಸಿದ್ದೋ. ಓದುವವನಿಗೆ ಎಲ್ಲಿಯವರೆಗೆ ನಂಬಬೇಕೆಂದು ತಿಳಿಯುತ್ತದೆ. ಗೊತ್ತಿಲ್ಲದ ಕಡೆ ನಿಂತುಬಿಡುವ ಟ್ರೇಸನ್ನು ನಾನು ಒಪ್ಪುತ್ತೇನೆ. ಗೊತ್ತಿಲ್ಲದೆಯೂ ಗೊತ್ತಿರುವಂತೆ ಹೆಸರು ಹೇಳುವ ಟ್ರೇಸ್ ನನಗೆ ಬೇಡ. ಅದು ಮನುಷ್ಯರನ್ನು ಮಳೆಯಲ್ಲಿ ಓಡಿಸುತ್ತದೆ.

ಯಾರಿಗೆ ಯಾವುದು

ಸರ್ವರಿನಲ್ಲಿ ಓಡುವ ಪ್ರೋಗ್ರಾಂ ನಿಮ್ಮದಾಗಿದ್ದು ಕೋರ್ ಕಡತ ಸಿಗುವಂತಿದ್ದರೆ, ಒಳಗೆ ಬಿಚ್ಚುವ ಲೈಬ್ರರಿಯೇ ಬೇಡ. ಲಿಬ್‌ಡಿಡಬ್ಲ್ಯೂ ಅಥವಾ ಜಿಡಿಬಿ ಸಾಕು. ನಿಮಗೆ ಬೇಕಿರುವುದು ವೇಗದ ಪ್ರೊಫೈಲಿಂಗ್ ಆಗಿದ್ದರೆ ಫ್ರೇಮ್ ಪಾಯಿಂಟರ್ ಹಾಕಿ ಕಂಪೈಲ್ ಮಾಡಿ, ಒಂದು ಹೆಸರು ತಪ್ಪಿದರೂ ಅಲ್ಲಿ ನಷ್ಟವಿಲ್ಲ. ನಿಮ್ಮ ಲೈಬ್ರರಿಯನ್ನು ಹತ್ತಾರು ತಂಡಗಳು ಬಳಸುತ್ತಿದ್ದರೆ ರಿಪೇರಿಯ ಹೊರತು ಬೇರೆ ಮಾತೇ ಇಲ್ಲ. ಸಾಧನ ಕೈಗೆಟುಕದ ಕಡೆ ಇದ್ದು, ಒಂದೆರಡು ಗೀಟಿನ ಮೊಬೈಲ್ ಸಿಗ್ನಲ್ಲಾದರೂ ಇದ್ದರೆ ಸ್ಟ್ಯಾಕನ್ನು ಹೊತ್ತು ತನ್ನಿ.

ನಾವು ಮಾಡಿದ್ದು ರಿಪೇರಿ, ಸ್ಟ್ಯಾಕ್ ಹೊತ್ತು ತರುವುದು, ಎರಡನ್ನೂ. ಲೈಬ್ರರಿಯ ಆ ಎರಡು ತಪ್ಪುಗಳನ್ನು ತಿದ್ದಿ, ಆ ತಿದ್ದುಪಡಿಯನ್ನು ಲೈಬ್ರರಿ ಬರೆದವರಿಗೆ ಕಳಿಸಿದೆವು. ಮೊದಲ ಸೂಚನೆಯಲ್ಲೇ ಸ್ಟ್ಯಾಕ್ ತುಂಬಿಸುವ ಪುಟ್ಟ ಪ್ರೋಗ್ರಾಂ ಈಗ ಅವರ ಪರೀಕ್ಷೆಗಳಲ್ಲೊಂದು. ಪೆಟ್ಟಿಗೆಗಳಲ್ಲಿ ಮಾತ್ರ ಬಿಚ್ಚುವುದನ್ನು ನಿಲ್ಲಿಸಿದೆವು. ಹುತ್ತರಿಯ ಹೊತ್ತಿಗೆ ಎಲ್ಲ ತೋಟಗಳಿಗೂ ಹೊಸ ಆವೃತ್ತಿ ಹೋಯಿತು. ಆಮೇಲೆ ಒಂದು ಬೆಳಿಗ್ಗೆ ಅದೇ ಭಾಗಮಂಡಲದ ಪೆಟ್ಟಿಗೆಯಿಂದ ವರದಿ ಬಂತು. ಬಿಚ್ಚಿದರೆ ಹದಿನಾಲ್ಕು ಫ್ರೇಮುಗಳು, ಹದಿಮೂರರ ಪಕ್ಕದಲ್ಲಿ 'ಫ್ರೇಮ್ ಲೆಕ್ಕದಿಂದ', ತುದಿಯದರ ಪಕ್ಕದಲ್ಲಿ 'ರಿಜಿಸ್ಟರಿನಿಂದ'. ಮಳೆಮಾಪಕದ ತಂತಿಯಿಂದ ಬಂದ ಬೈಟ್‌ಗಳನ್ನು ಓದುವ ಕಡೆ ಕುಸಿದಿತ್ತು. ರೈಟರಿಗೆ ಫೋನ್ ಮಾಡಿ, "ಪೆಟ್ಟಿಗೆಯ ಎಡಗಡೆಯ ಕಪ್ಪು ತಂತಿ ಗಟ್ಟಿಯಾಗಿದೆಯೇ, ಒಮ್ಮೆ ನೋಡುತ್ತೀರಾ?" ಎಂದೆ. ಹತ್ತು ನಿಮಿಷದಲ್ಲಿ ಅವರೇ ಮರಳಿ ಕರೆದರು. "ಇಲಿ ಕಡಿದಿದೆ ಸಾರ್. ಟೇಪ್ ಸುತ್ತಿದ್ದೇನೆ, ಈಗ ನೋಡಿ."